ಹೊಟ್ಟೆಯಲ್ಲಿ ನೀರು ತುಂಬಿದಾಗ

(ಮೂಡಿಗೆರೆ ಕಡೆಯ ಮಹಿಳಾ ಸಂಘದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)



ಇದು ಕಾಫಿ ಹಣ್ಣು ಕುಯ್ಯುವ ಕಾಲ. ಬೆಳಿಗ್ಗೆಯಿಂದ ತೋಟದಲ್ಲಿ ನಿಂತು ದಣಿದಿದ್ದೀರಿ. ಮನೆಯಲ್ಲಿ ಒಲೆ ಹಚ್ಚುವ ಕೆಲಸ ಬಾಕಿ ಇದೆ. ಆದರೂ ಬಂದು ಕೂತಿದ್ದೀರಿ. ಅದಕ್ಕೇ ನಾನು ಒಂದೇ ವಿಷಯ ಹೇಳುತ್ತೇನೆ. ಕೇಳೋಕೆ ಸ್ವಲ್ಪ ಕಷ್ಟದ ವಿಷಯ. ಆದರೆ ಗೊತ್ತಿರಬೇಕಾದ ವಿಷಯ.

ಕ್ಯಾನ್ಸರ್ ಬಂದ ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಹಳಬರು ಇದನ್ನು ಜಲೋದರ ಅನ್ನುತ್ತಾರೆ. ಜಲ ಎಂದರೆ ನೀರು. ಉದರ ಎಂದರೆ ಹೊಟ್ಟೆ. ಕೈಕಾಲು ಸಣ್ಣ ಆಗುತ್ತವೆ. ಹೊಟ್ಟೆ ಮಾತ್ರ ತುಂಬಿದ ಬಸುರಿಯ ಹಾಗೆ ಉಬ್ಬುತ್ತದೆ. ಊಟ ಸೇರುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಬಗ್ಗಿ ಕಾಲು ತೊಳೆಯಲೂ ಆಗುವುದಿಲ್ಲ.

ಡಾಕ್ಟರು ಹೇಳುತ್ತಾರೆ, "ನೀರು ತೆಗೆಯೋಣ." ಆಗ ಮನೆಯವರು ಹೆದರುತ್ತಾರೆ. "ನೀರು ತೆಗೆಸಿದ್ರೆ ಮುಗೀತು, ಆಮೇಲೆ ಉಳಿಯಲ್ಲ" ಎಂಬ ಮಾತು ಊರಲ್ಲಿದೆ. ಆ ಮಾತು ನಂಬಿ ರೋಗಿಯನ್ನು ಹಾಗೇ ಮಲಗಿಸುತ್ತಾರೆ. ರೋಗಿ ಹಗಲೂ ರಾತ್ರಿ ನರಳುತ್ತಾರೆ.

ಈ ಹೆದರಿಕೆ ಸರಿಯೇ? ಇವತ್ತು ಅದನ್ನು ನೋಡೋಣ.

ಈ ನೀರು ಎಲ್ಲಿಂದ ಬರುತ್ತದೆ?

ನಮ್ಮ ಹೊಟ್ಟೆಯ ಒಳಗೆ ಕರುಳು, ಈಲಿ, ಜಠರ, ಗರ್ಭಕೋಶ ಎಲ್ಲ ಇವೆ. ಇವುಗಳ ಮೇಲೆ ಒಂದು ತೆಳುವಾದ ಪೊರೆ ಇದೆ. ಹೊಟ್ಟೆಯ ಗೋಡೆಯ ಒಳಗಡೆಯೂ ಅದೇ ಪೊರೆ ಇದೆ. ಎರಡರ ನಡುವೆ ಒಂದೆರಡು ಚಮಚದಷ್ಟು ನೀರು ಎಲ್ಲರಿಗೂ ಇರುತ್ತದೆ. ಕರುಳು ಒಂದಕ್ಕೊಂದು ಉಜ್ಜದೆ ಜಾರಾಡಲಿ ಅಂತ ದೇಹವೇ ಮಾಡಿಕೊಂಡ ಏರ್ಪಾಡು ಅದು. ಈ ನೀರು ಒಂದು ಕಡೆ ಒಸರುತ್ತದೆ. ಇನ್ನೊಂದು ಕಡೆ ದೇಹ ಅದನ್ನು ಹೀರಿಕೊಳ್ಳುತ್ತದೆ.

ಗದ್ದೆಯನ್ನು ನೆನೆಸಿಕೊಳ್ಳಿ. ಮೇಲಿನಿಂದ ನೀರು ಬರುತ್ತದೆ. ಕೆಳಗಿನ ಕಂಡಿಯಲ್ಲಿ ಹೊರಗೆ ಹೋಗುತ್ತದೆ. ಕಂಡಿ ಕಟ್ಟಿಕೊಂಡರೆ ಏನಾಗುತ್ತದೆ? ಗದ್ದೆ ತುಂಬಿ ಬದು ಮೀರುತ್ತದೆ. ಕ್ಯಾನ್ಸರಿನಲ್ಲೂ ಹಾಗೆಯೇ. ಕ್ಯಾನ್ಸರಿನ ಕಣಗಳು ಆ ಪೊರೆಯ ಮೇಲೆ ಕೂತರೆ ನೀರು ಹೆಚ್ಚು ಒಸರುತ್ತದೆ. ನೀರು ಹೊರಗೆ ಹೋಗುವ ದಾರಿಯೂ ಕಟ್ಟುತ್ತದೆ. ಈಲಿಗೆ ಗಡ್ಡೆ ಹರಡಿದರೂ ನೀರು ತುಂಬುತ್ತದೆ.

ಅಂಡಾಶಯ, ಜಠರ, ಕರುಳು, ಈಲಿ, ಮೇದೋಜೀರಕ ಗ್ರಂಥಿ, ಸ್ತನ - ಇವುಗಳ ಕ್ಯಾನ್ಸರಿನಲ್ಲಿ ಹೀಗೆ ಆಗಬಹುದು.

ಒಂದು ಮಾತು ನೆನಪಿಡಿ. ಕುಡಿದ ನೀರು ಹೋಗಿ ಅಲ್ಲಿ ತುಂಬುವುದಿಲ್ಲ. "ನೀರು ಕುಡೀಬೇಡ, ಹೊಟ್ಟೆ ಇನ್ನೂ ಊದುತ್ತೆ" ಅಂತ ಬಾಯಾರಿದವರಿಗೆ ನೀರು ತಪ್ಪಿಸಬೇಡಿ. ಡಾಕ್ಟರು ಅಳತೆ ಹೇಳಿದ್ದರೆ ಮಾತ್ರ ಅದರಂತೆ ನಡೆಯಿರಿ.

ಹೊಟ್ಟೆ ಊದಿದ್ದೆಲ್ಲ ಕ್ಯಾನ್ಸರ್ ಅಲ್ಲ

ಹೊಟ್ಟೆಯಲ್ಲಿ ನೀರು ತುಂಬಲು ಬೇರೆ ಕಾರಣಗಳೂ ಇವೆ. ಬಹಳ ವರ್ಷ ಸಾರಾಯಿ, ಬ್ರಾಂದಿ ಕುಡಿದವರ ಈಲಿ ಗಟ್ಟಿಯಾಗಿ ನೀರು ತುಂಬುತ್ತದೆ. ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆಯಲ್ಲೂ ಹೀಗಾಗುತ್ತದೆ. ಹೊಟ್ಟೆಯ ಕ್ಷಯ ಅಂತ ಒಂದಿದೆ. ಟಿ.ಬಿ. ಎದೆಗೆ ಬರುವ ಹಾಗೆ ಹೊಟ್ಟೆಗೂ ಬರುತ್ತದೆ. ಅದು ಮಾತ್ರೆಯಿಂದ ವಾಸಿಯಾಗುವ ಕಾಯಿಲೆ. ಸಾಮಾನ್ಯವಾಗಿ 6 ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ಹಾಗಾದರೆ ಯಾವುದು ಅಂತ ತಿಳಿಯುವುದು ಹೇಗೆ? ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಸ್ಕ್ಯಾನ್ ಮಾಡಬೇಕು. ಸೂಜಿಯಲ್ಲಿ ಸ್ವಲ್ಪ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಆ ನೀರೇ ಕಾರಣ ಹೇಳುತ್ತದೆ. ಕಾರಣ ಗೊತ್ತಾದ ಮೇಲೆಯೇ ಸರಿಯಾದ ಔಷಧಿ.

ಹೊಟ್ಟೆಯ ಮೇಲೆ ಬರೆ ಹಾಕಿಸಬೇಡಿ. ಬರೆಯಿಂದ ನೀರು ಇಳಿಯುವುದಿಲ್ಲ. ಬಿಗಿದ ಚರ್ಮ ಸುಟ್ಟು ಹುಣ್ಣಾಗುತ್ತದೆ. ಹುಣ್ಣು ಕೀವಾಗುತ್ತದೆ. ಇರುವ ಕಷ್ಟಕ್ಕೆ ಇನ್ನೊಂದು ಕಷ್ಟ.

ನಾವು ಮುಚ್ಚಿಡುವ ಹೊಟ್ಟೆ

ಇದು ಹೆಂಗಸರಾದ ನಾವು ಕಿವಿಗೊಟ್ಟು ಕೇಳಬೇಕಾದ ಮಾತು.

ಗರ್ಭಕೋಶದ ಎರಡೂ ಪಕ್ಕ ಒಂದೊಂದು ಅಂಡಾಶಯ ಇದೆ. ಬಾದಾಮಿಯಷ್ಟು ದೊಡ್ಡದು. ಅದಕ್ಕೆ ಕ್ಯಾನ್ಸರ್ ಬಂದರೆ ಮೊದಲು ನೋವು ಬರದೆಯೂ ಇರಬಹುದು. ಬಿಳಿ ಸೆರಗು, ರಕ್ತ ಏನೂ ಕಾಣದೆ ಇರಬಹುದು. ಹೊಟ್ಟೆ ಉಬ್ಬರಿಸುತ್ತದೆ. ಲಂಗದ ಲಾಡಿ ಬಿಗಿ ಆಗುತ್ತದೆ. ನಾಲ್ಕು ತುತ್ತು ತಿಂದರೆ ಸಾಕು ಅನ್ನಿಸುತ್ತದೆ. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ.

ಆಗ ನಾವೇನು ಮಾಡುತ್ತೇವೆ? "ಗ್ಯಾಸ್ ಆಗಿದೆ" ಅಂತ ಜೀರಿಗೆ ಕಷಾಯ ಕುಡಿಯುತ್ತೇವೆ. "ಮುಟ್ಟು ನಿಂತಿತಲ್ಲ, ಅದಕ್ಕೇ ಬೊಜ್ಜು" ಅಂದುಕೊಳ್ಳುತ್ತೇವೆ. "ಈ ವಯಸ್ಸಲ್ಲಿ ಹೊಟ್ಟೆ ಬಂತಾ" ಅಂತ ಯಾರಾದರೂ ನಕ್ಕಾರು ಅಂತ ಸೆರಗು ಹೊದ್ದು ಮುಚ್ಚಿಕೊಳ್ಳುತ್ತೇವೆ. ಕುಯ್ಲು ಮುಗಿಯಲಿ, ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ದಿನ ತಳ್ಳುತ್ತೇವೆ.

ದಿನ ತಳ್ಳಬೇಡಿ. ಹೊಸದಾಗಿ ಹೊಟ್ಟೆ ಉಬ್ಬರ ಬಂದು, 2-3 ವಾರ ಆದರೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. 50 ದಾಟಿದವರು, ಮುಟ್ಟು ನಿಂತವರು ಇನ್ನೂ ಬೇಗ ಹೋಗಿ. ಡಾಕ್ಟರಿಗೆ ಬಿಡಿಸಿ ಹೇಳಿ. "ಹೊಟ್ಟೆಯ ಸ್ಕ್ಯಾನ್ ಬೇಕಾ ಸಾರ್?" ಅಂತ ನೀವೇ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಅಂಡಾಶಯದ ಕ್ಯಾನ್ಸರಿನಲ್ಲಿ ನೀರು ತುಂಬಿದೆ ಎಂದ ಮಾತ್ರಕ್ಕೆ ಆಸೆ ಬಿಡಬೇಕಾಗಿಲ್ಲ. ಈ ಕ್ಯಾನ್ಸರ್ ಕೀಮೋಥೆರಪಿ ಎಂಬ ಔಷಧಿಗೆ ಬಹಳ ಮಂದಿಯಲ್ಲಿ ಬಗ್ಗುತ್ತದೆ. ಆಪರೇಷನ್ ಮತ್ತು ಕೀಮೋ ಎರಡೂ ಕೊಟ್ಟಾಗ ಹೊಟ್ಟೆಯ ನೀರೂ ಎಷ್ಟೋ ಸಲ ಒಣಗುತ್ತದೆ.

ನೀರು ತೆಗೆಯುವುದು ಹೇಗೆ?

ಇದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಮೂತ್ರ ಮಾಡಿ ಬರಲು ಹೇಳುತ್ತಾರೆ. ಮಂಚದ ಮೇಲೆ ಮಲಗಿಸುತ್ತಾರೆ. ಸ್ಕ್ಯಾನಿನಲ್ಲಿ ನೋಡಿ ಎಲ್ಲಿ ಚುಚ್ಚಬೇಕು ಅಂತ ಗುರುತು ಮಾಡುತ್ತಾರೆ. ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಡುತ್ತಾರೆ. ಇರುವೆ ಕಚ್ಚಿದಷ್ಟು ಉರಿಯುತ್ತದೆ. ಆಮೇಲೆ ಸಣ್ಣ ನಳಿಕೆ ಒಳಗೆ ಹಾಕುತ್ತಾರೆ. ನಳಿಕೆಯಿಂದ ನೀರು ಒಂದು ಚೀಲಕ್ಕೆ ಇಳಿಯುತ್ತದೆ. ರೋಗಿಗೆ ಎಚ್ಚರ ಇರುತ್ತದೆ. ಮಾತಾಡಬಹುದು.

ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಒಂದು ಸಲಕ್ಕೆ 4-5 ಲೀಟರ್ ತೆಗೆಯುವುದುಂಟು. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ನಡುನಡುವೆ ನರ್ಸು ಬಿ.ಪಿ. ನೋಡುತ್ತಾರೆ. ಬೇಕಾದರೆ ಡ್ರಿಪ್ ಹಾಕುತ್ತಾರೆ. ಕೊನೆಗೆ ನಳಿಕೆ ತೆಗೆದು ಪಟ್ಟಿ ಹಚ್ಚುತ್ತಾರೆ. ಆ ತೂತಿನಿಂದ ಒಂದೆರಡು ದಿನ ಸ್ವಲ್ಪ ನೀರು ಒಸರಬಹುದು. ಅದಕ್ಕೆ ಗಾಬರಿ ಬೇಡ.

ನೀರು ಇಳಿದ ಮೇಲೆ ಉಸಿರು ಹಗುರ ಆಗುತ್ತದೆ. ಹಸಿವು ಸ್ವಲ್ಪ ಬರುತ್ತದೆ. ಎಷ್ಟೋ ದಿನದಿಂದ ನಿದ್ದೆ ಇಲ್ಲದವರು ಅವತ್ತು ರಾತ್ರಿ ನಿದ್ದೆ ಮಾಡುತ್ತಾರೆ.

ಹಾಗಾದರೆ "ನೀರು ತೆಗೆಸಿದ್ರೆ ಉಳಿಯಲ್ಲ" ಅನ್ನುವ ಮಾತು ಎಲ್ಲಿಂದ ಬಂತು? ಕಾಯಿಲೆ ಬಹಳ ಮುಂದುವರಿದವರಿಗೇ ಹೆಚ್ಚಾಗಿ ನೀರು ತುಂಬುತ್ತದೆ. ನೀರು ತೆಗೆದ ಕೆಲವು ವಾರಕ್ಕೋ ತಿಂಗಳಿಗೋ ಅವರಲ್ಲಿ ಕೆಲವರು ತೀರಿಹೋಗುತ್ತಾರೆ. ನೋಡಿದವರು ತಪ್ಪನ್ನು ಸೂಜಿಯ ಮೇಲೆ ಹಾಕುತ್ತಾರೆ. ಜೀವ ತೆಗೆದದ್ದು ಕಾಯಿಲೆ.

ಆದರೆ ಎಚ್ಚರವೂ ಬೇಕು. ಒಂದೇ ಸಲ ತುಂಬಾ ನೀರು ತೆಗೆದರೆ ಬಿ.ಪಿ. ಇಳಿಯಬಹುದು. ಸ್ವಚ್ಛತೆ ಇಲ್ಲದಿದ್ದರೆ ಒಳಗೆ ಕೀವಾಗಬಹುದು. ಅದಕ್ಕೇ ಆಸ್ಪತ್ರೆಯಲ್ಲೇ ಮಾಡಿಸಬೇಕು. ಮನೆಗೆ ಬಂದು ಚುಚ್ಚಿಕೊಡುತ್ತೇನೆ ಎನ್ನುವ ನಕಲಿ ವೈದ್ಯರಿಂದ ದೂರ ಇರಿ.

ಮತ್ತೆ ತುಂಬಿದರೆ?

ಹೌದು, ಮತ್ತೆ ತುಂಬಬಹುದು. ಕೆಲವರಿಗೆ ವಾರದಲ್ಲಿ, ಕೆಲವರಿಗೆ ತಿಂಗಳಲ್ಲಿ. "ಮತ್ತೆ ತುಂಬೋದಾದ್ರೆ ಯಾಕೆ ತೆಗೆಸಬೇಕು?" ಅಂತ ಕೇಳುತ್ತೀರಿ.

ನಮ್ಮ ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಾಗ ಏನಾಗುತ್ತದೆ? ಮನೆಯ ನೆಲದಲ್ಲೇ ಜಲ ಏಳುತ್ತದೆ. ಗೋಣಿಚೀಲ ಹಾಸುತ್ತೇವೆ. ಚೊಂಬಿನಲ್ಲಿ ಮೊಗೆದು ಹೊರಗೆ ಚೆಲ್ಲುತ್ತೇವೆ. ಮೊಗೆದರೆ ಮಳೆ ನಿಲ್ಲುತ್ತದೆಯೇ? ಇಲ್ಲ. ನಾಳೆ ಮತ್ತೆ ಜಲ ಬರುತ್ತದೆ. ಹಾಗಂತ ಮೊಗೆಯದೆ ಬಿಡುತ್ತೇವೆಯೇ? ಬಿಡುವುದಿಲ್ಲ. ಮನೆಯವರು ಕೂರಬೇಕು, ಮಲಗಬೇಕು, ಉಣ್ಣಬೇಕು.

ರೋಗಿಯ ಹೊಟ್ಟೆಯ ನೀರು ತೆಗೆಯುವುದೂ ಹಾಗೆಯೇ. ಇದರಿಂದ ಕ್ಯಾನ್ಸರ್ ವಾಸಿ ಆಗುವುದಿಲ್ಲ. ಬದುಕಿರುವಷ್ಟು ದಿನ ಅವರು ಕೂರಲು, ಮಲಗಲು, ಉಣ್ಣಲು ಆಗುತ್ತದೆ. ಅದು ಸಣ್ಣ ವಿಷಯವೇ?

ಮತ್ತೆ ಮತ್ತೆ ತುಂಬುವವರಿಗೆ ಇನ್ನೊಂದು ದಾರಿ ಇದೆ. ಚರ್ಮದ ಕೆಳಗೆ ಒಂದು ಮೆತ್ತನೆಯ ನಳಿಕೆ ಕೂರಿಸಿ ಕಳಿಸುತ್ತಾರೆ. ಮನೆಯಲ್ಲೇ ಸ್ವಲ್ಪ ಸ್ವಲ್ಪ ನೀರು ಇಳಿಸಬಹುದು. ಪ್ರತಿ ಸಲ ಆಸ್ಪತ್ರೆಗೆ ಓಡುವುದು ತಪ್ಪುತ್ತದೆ. ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಖರ್ಚೂ ಇದೆ. ಆದರೆ ಕೇಳಿ ನೋಡಿ. ಹಾಕಿಸಿದರೆ ನರ್ಸು ತೋರಿಸಿಕೊಟ್ಟ ಹಾಗೇ ಕೈ ತೊಳೆದು, ಸ್ವಚ್ಛವಾಗಿ ಮಾಡಬೇಕು.

ಮೂತ್ರ ಹೆಚ್ಚು ಹೋಗುವ ಮಾತ್ರೆಯೂ ಇದೆ. ಈಲಿಯ ಕಾರಣದಿಂದ ನೀರು ತುಂಬಿದವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪೊರೆಗೆ ಕ್ಯಾನ್ಸರ್ ಹರಡಿದವರಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆ ನೀವು ತಂದು ಕೊಡಬೇಡಿ. ತಲೆ ಸುತ್ತಿ ಬೀಳಬಹುದು.

ಮನೆಯಲ್ಲಿ ನೋಡಿಕೊಳ್ಳುವುದು

ರೋಗಿಯನ್ನು ಚಪ್ಪಟೆ ಮಲಗಿಸಬೇಡಿ. ಬೆನ್ನಿಗೆ ಎರಡು ಮೂರು ದಿಂಬು ಕೊಡಿ. ದಿಂಬು ಇಲ್ಲದಿದ್ದರೆ ಕಂಬಳಿ ಸುತ್ತಿ ಇಡಿ. ಒರಗಿ ಕೂತರೆ ಉಸಿರು ಸಲೀಸು.

ಬಟ್ಟೆ ಸಡಿಲ ಇರಲಿ. ಲಾಡಿ ಬಿಗಿಯಬೇಡಿ. ನೈಟಿ ಒಳ್ಳೆಯದು.

ಬಿಗಿದ ಚರ್ಮ ಕೆರೆಯುತ್ತದೆ. ತೆಂಗಿನ ಎಣ್ಣೆ ಮೆಲ್ಲಗೆ ಹಚ್ಚಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನು ಹುಣ್ಣಾಗುವುದಿಲ್ಲ.

ಒಂದೇ ಸಲ ತಟ್ಟೆ ತುಂಬಾ ಬಡಿಸಬೇಡಿ. ಹೊಟ್ಟೆಯಲ್ಲಿ ಜಾಗ ಇಲ್ಲ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೊಟ್ಟೆ, ಮೀನು, ಹೆಸರುಕಾಳು, ಹಾಲು, ಮೊಸರು ಒಳ್ಳೆಯದು. ಯಾಕೆಂದರೆ ಹೊರಗೆ ಹೋಗುವ ಆ ನೀರಿನ ಜೊತೆ ದೇಹದ ಪುಷ್ಟಿಯೂ ಹೋಗುತ್ತದೆ. ಮೆತ್ತಗಿನ ಕಡುಬು, ಗಂಜಿ, ಬಾಯಿಗೆ ಹಿತ ಆದದ್ದು ಯಾವುದಾದರೂ ಸರಿ. ಒಂದು ಗುಟುಕು ಕಾಫಿ ಕೇಳಿದರೆ ಕೊಡಿ. ಬಲವಂತ ಮಾಡಿ ತಿನ್ನಿಸಬೇಡಿ.

ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ. ಮಕ್ಕಳು ಹತ್ತಿರ ಕೂರಲಿ.

ತಡ ಮಾಡಬಾರದ ಲಕ್ಷಣಗಳು

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಜ್ವರ, ಚಳಿ.
ಹೊಟ್ಟೆ ಮುಟ್ಟಿದರೆ ತಡೆಯಲಾಗದ ನೋವು.
ನಳಿಕೆ ಹಾಕಿದ ಜಾಗ ಕೆಂಪಾಗುವುದು, ಕೀವು, ಕೆಟ್ಟ ವಾಸನೆ.
ವಾಂತಿಯಲ್ಲಿ ರಕ್ತ, ಇಲ್ಲವೇ ಮಲ ಟಾರಿನ ಹಾಗೆ ಕಪ್ಪಾಗುವುದು.
ಮೂತ್ರ ಬಹಳ ಕಡಿಮೆ ಆಗುವುದು.
ಉಸಿರಿಗೆ ಒದ್ದಾಟ.
ಮಂಕು ಕವಿದು ಏನೇನೋ ಮಾತಾಡುವುದು.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿಗೆ ದುಡ್ಡಿಲ್ಲ.

ಎಲ್ಲಿಗೆ ಹೋಗುವುದು? ದುಡ್ಡಿಗೇನು?

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಅಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಹೊಟ್ಟೆಯ ನೀರು ತೆಗೆಯುವುದು ದೊಡ್ಡ ಆಪರೇಷನ್ ಅಲ್ಲ. ಪ್ರತಿ ಸಲ ಬೆಂಗಳೂರಿಗೆ ಹೋಗಬೇಕಾಗಿಲ್ಲ. "ಇದನ್ನು ಇಲ್ಲೇ ಹತ್ತಿರದಲ್ಲಿ ಮಾಡಿಸಬಹುದಾ?" ಅಂತ ಡಾಕ್ಟರನ್ನು ಕೇಳಿ.

ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. 1973ರಲ್ಲಿ ಶುರುವಾದ ಸರ್ಕಾರದ ಆಸ್ಪತ್ರೆ. ಮಂಗಳೂರು, ಮಣಿಪಾಲದಲ್ಲೂ ಕ್ಯಾನ್ಸರ್ ಚಿಕಿತ್ಸೆ ಇದೆ. ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೆ ಹೋಗುತ್ತಾರೆ. ಮೂಡಿಗೆರೆಯವರು ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ತುಂಬಿದ ಹೊಟ್ಟೆ ಇಟ್ಟುಕೊಂಡು ಘಾಟಿಯ ತಿರುವಿನಲ್ಲಿ ಕೂರುವುದು ಬಹಳ ಹಿಂಸೆ. ಮಳೆಗಾಲದಲ್ಲಿ ದಾರಿಯೂ ನಂಬಿಕೆ ಇಲ್ಲ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ವಾಹನ ನಿಂತದ್ದು ನಿಮಗೆ ನೆನಪಿದೆ. ಆದ್ದರಿಂದ ಹೊಟ್ಟೆ ಬಿಗಿಯುವ ತನಕ ಕಾಯದೆ, ಮೊದಲೇ ದಿನ ಗೊತ್ತು ಮಾಡಿಕೊಂಡು ಹೋಗಿ.

2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಮರೆಯದೆ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯ ಚೀಟಿಯನ್ನೂ ಜೋಪಾನ ಮಾಡಿ.

ನೋವು ಇಳಿಸಿ ಆರೈಕೆ ಮಾಡುವುದಕ್ಕೆ ಉಪಶಮನ ಆರೈಕೆ ಎನ್ನುತ್ತಾರೆ. ಕಿದ್ವಾಯಿಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಅದರ ವಿಭಾಗ ಇದೆ. ಬೆಂಗಳೂರಿನಲ್ಲಿ ಕರುಣಾಶ್ರಯ ಅಂತ ಒಂದು ಸಂಸ್ಥೆ ಇದೆ. 1994ರಲ್ಲಿ ಶುರುವಾಯಿತು. ವಾಸಿಯಾಗದ ಹಂತಕ್ಕೆ ಹೋದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ. ತಡೆಯಲಾಗದ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದಕ್ಕೆ ಹೆದರಬೇಕಾಗಿಲ್ಲ.

ಅವರನ್ನೂ ಒಂದು ಮಾತು ಕೇಳಿ

ಮನೆಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡುತ್ತೇವೆ. ಗಂಡ, ಮಗ, ಭಾವ, ಮೈದುನ ಎಲ್ಲ ಮಾತಾಡುತ್ತಾರೆ. ಮಂಚದ ಮೇಲೆ ಇರುವವರನ್ನು ಮಾತ್ರ ಕೇಳುವುದೇ ಇಲ್ಲ. ಹೊಟ್ಟೆ ಅವರದು. ನೋವು ಅವರದು. "ಅಮ್ಮಾ, ನೀರು ತೆಗೆಸೋಣವಾ? ನಿನಗೆ ಹೇಗನ್ನಿಸುತ್ತೆ?" ಅಂತ ಕೇಳಿ. ಕೆಲವರು "ಮೊಮ್ಮಗಳ ಮದುವೆಗೆ ಕೂರಬೇಕು, ತೆಗೆಸಿ" ಅನ್ನಬಹುದು. ಕೊನೆಯ ದಿನಗಳಲ್ಲಿ ಕೆಲವರು "ಇನ್ನು ಓಡಾಟ ಬೇಡ, ಮನೇಲೇ ಇರ್ತೀನಿ" ಅನ್ನಬಹುದು. ಎರಡೂ ಸರಿ. ಆಗಲೂ ನೋವಿಗೆ, ಉಸಿರಿಗೆ ಔಷಧಿ ಇದೆ. ಅದನ್ನು ನಿಲ್ಲಿಸಬಾರದು.

ಒಂದು ನೋಟ್ ಪುಸ್ತಕ ಇಡಿ

ಈಗ ನೀವು ಓದುತ್ತೀರಿ, ಬರೆಯುತ್ತೀರಿ. ಮನೆಯಲ್ಲಿ ಇಂಥ ರೋಗಿ ಇದ್ದರೆ ಒಂದು ನೋಟ್ ಪುಸ್ತಕ ಇಡಿ. ಟೇಪಿನಲ್ಲಿ ಹೊಕ್ಕುಳ ಮೇಲೆ ಹೊಟ್ಟೆಯ ಸುತ್ತಳತೆ ತೆಗೆಯಿರಿ. ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಹೀಗೆ ಬರೆಯಿರಿ.

ದಿನಾಂಕ.
ಹೊಟ್ಟೆಯ ಸುತ್ತಳತೆ ಎಷ್ಟು?
ಇವತ್ತು ಏನು ತಿಂದರು?
ಮೂತ್ರ ಎಷ್ಟು ಸಲ?
ಯಾವ ಮಾತ್ರೆ, ಎಷ್ಟು ಹೊತ್ತಿಗೆ?
ನೀರು ತೆಗೆದ ದಿನ ಎಷ್ಟು ಲೀಟರ್?

ಡಾಕ್ಟರ ಹತ್ತಿರ ಹೋದಾಗ ಈ ಪುಸ್ತಕ ಕೊಡಿ. ಎಷ್ಟು ದಿನಕ್ಕೆ ನೀರು ತುಂಬುತ್ತದೆ ಅಂತ ಅವರಿಗೆ ತಕ್ಷಣ ತಿಳಿಯುತ್ತದೆ. ಮುಂದಿನ ಸಲ ಯಾವಾಗ ಬರಬೇಕು ಅಂತ ಹೇಳಲು ಆಗುತ್ತದೆ. ನೀವು ಕಲಿತ ಅಕ್ಷರ ಒಬ್ಬರ ನರಳಾಟವನ್ನು ಕಡಿಮೆ ಮಾಡುತ್ತದೆ.

ಕೊನೆಗೆ ಮೂರು ಮಾತು. ಹೊಟ್ಟೆ ಊದಿದರೆ ಮುಚ್ಚಿಡಬೇಡಿ, ತೋರಿಸಿ. ನೀರು ತೆಗೆಸಲು ಹೆದರಬೇಡಿ, ಆಸ್ಪತ್ರೆಯಲ್ಲಿ ತೆಗೆಸಿ. ಕಾಯಿಲೆ ವಾಸಿಯಾಗದಿದ್ದರೂ ಕಷ್ಟ ಕಡಿಮೆ ಮಾಡಬಹುದು, ಅದನ್ನು ಕೇಳಿ ಪಡೆಯಿರಿ.

ಇವತ್ತು ಇಲ್ಲಿಗೆ ಬರಲಾಗದೆ ಲೈನ್ ಮನೆಯಲ್ಲಿ ಉಳಿದವರು ಇದ್ದಾರೆ. ನಾಳೆ ಹಣ್ಣು ಕುಯ್ಯುವಾಗ ಪಕ್ಕದ ಗಿಡದವರಿಗೆ ಈ ಮಾತು ಹೇಳಿ. ಓದಲು ಬಾರದವರಿಗೆ ಈ ಪುಸ್ತಕ ಓದಿ ಹೇಳಿ.